ಅಡಿವೆಯ್ಯ ಐಗಳ ಮೆಟ್ಟು

ಬಹಳ ಬಹಳ ಹಿಂದೆ, ಈಗಿನ ಮುದುಕರೆಲ್ಲ ಇನ್ನೂ ತೊಟ್ಟಿಲಿಗೂ ಬಾರದ ಕಾಲದಲ್ಲಿ, ಉಸುಕಿನ ನಡುವೆ ಒಂದು ಊರಿತ್ತಂತೆ. ಉಸುಕಿನಹಟ್ಟಿ ಅಂತ ಅದರ ಹೆಸರು. ಹೆಸರಿಡಲು ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ ಅನ್ನುವುದು ಕೇಳಿದರೇ ಗೊತ್ತಾಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಹೊಳೆ ಹರಿಯುತ್ತಿತ್ತಂತೆ. ಅದು ಯಾರ ಮೇಲೋ ಸಿಟ್ಟು ಮಾಡಿಕೊಂಡು ಬೇರೆ ಕಡೆ ಹೊರಟುಹೋಯಿತಂತೆ. ಹೋಗುವಾಗ ನೀರನ್ನು ತಾನು ಇಟ್ಟುಕೊಂಡು ಉಸುಕನ್ನು ಇವರಿಗೆ ಬಿಟ್ಟಿತಂತೆ. ಕಣ್ಣು ಹಾಯಿಸಿದಷ್ಟು ದೂರ ಉಸುಕು. ರೊಟ್ಟಿಯಲ್ಲಿ ಉಸುಕು, ಕಿವಿಯಲ್ಲಿ ಉಸುಕು, ಮದುವೆಯ ಅಕ್ಕಿಕಾಳಿನಲ್ಲಿ ಅರ್ಧ ಉಸುಕು.

ಆದರೆ ಆ ಊರಲ್ಲಿ ಒಂದು ಸಿಹಿನೀರಿನ ಬಾವಿ ಇತ್ತು. ದನಕ್ಕೆ ನೀರು ಕುಡಿಸಲು ಬಂದವರು ಒಂದು ರಾತ್ರಿ ಉಳಿದರು, ಉಳಿದವರು ಗುಡಿಸಲು ಹಾಕಿದರು, ಗುಡಿಸಲು ನೋಡಲು ಬಂದ ನೆಂಟರು ಅದಕ್ಕಿಂತ ದೊಡ್ಡ ಗುಡಿಸಲು ಹಾಕಿಕೊಂಡರು. ಹೀಗೆ ಮೂರು ಮನೆ ಮೂವತ್ತಾಯಿತು, ಮೂವತ್ತು ಮುನ್ನೂರಾಯಿತು ಅಂತಾರೆ. ಊರು ಬೆಳೆಯಿತು, ಆದರೆ ಊರಿಗೊಂದು ಸಂತೆ ಇರಲಿಲ್ಲ. ಒಂದು ಹಿಡಿ ಉಪ್ಪು ಬೇಕೆಂದರೂ ದಿನವಿಡೀ ಉಸುಕು ತುಳಿದು ಹಿರೇಕಣಿವೆಯ ಸಂತೆಗೆ ಹೋಗಬೇಕು. ಅಲ್ಲಿಯವರೋ ಇವರನ್ನು ಕಂಡರೆ ಸಾಕು, ಉಸುಕಿನವರು ಬಂದರು, ಕಾಲು ಝಾಡಿಸಿಕೊಂಡು ಒಳಗೆ ಬರ್ರಿ ಅಂತ ಹಾಸ್ಯ ಮಾಡುತ್ತಿದ್ದರಂತೆ.

ಊರಗೌಡ ಹನಮಗೌಡನಿಗೆ ಇದನ್ನು ಕೇಳಿ ಕೇಳಿ ಸಾಕಾಗಿ, ನಾಡನ್ನಾಳುವ ದೇಸಾಯರ ವಾಡೆಗೆ ಹೋಗಿ ನಮಗೂ ಒಂದು ಸಂತೆ ಕೊಡಿ ಅಂತ ಕೈಮುಗಿದನಂತೆ. ದೇಸಾಯರು ಎಲೆಅಡಿಕೆ ಜಗಿಯುತ್ತ ಹೇಳಿದರಂತೆ: ಸಂತೆ ಬೇಕಾದರೆ ಊರಿನಲ್ಲಿ ಮೂರು ಇರಬೇಕು. ಒಂದು ಬತ್ತದ ಬಾವಿ. ಒಬ್ಬ ಕಂಬಾರ. ಮತ್ತೆ ದಸರೆಯಿಂದ ದಸರೆಗೆ ಒಂದು ವರ್ಷ ತುಂಬ ಕೂತು ಮಕ್ಕಳಿಗೆ ಇಪ್ಪತ್ತರ ತನಕ ಮಗ್ಗಿ ಕಲಿಸಿದ ಒಬ್ಬ ಐಗಳು. ಎಣಿಸಲು ಬಾರದ ಊರಿಗೆ ಸಂತೆ ಕೊಟ್ಟರೆ ಅದನ್ನು ಬೇರೆ ಊರಿನವರು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ ಅಂದರಂತೆ.

ಆಗಿನ ಕಾಲಕ್ಕೆ ಮಾಸ್ತರರಿಗೆ ಐಗಳು ಅನ್ನುತ್ತಿದ್ದರು. ಬಾವಿ ಇತ್ತು, ಕಂಬಾರನೂ ಇದ್ದ. ಐಗಳದೇ ಕಷ್ಟ. ಐಗಳು ಬರುತ್ತಿರಲಿಲ್ಲ ಅಂತಲ್ಲ. ದಸರೆಗೆ ತಂಪು ಗಾಳಿಯಲ್ಲಿ ನಗುನಗುತ್ತ ಬರುತ್ತಿದ್ದರು, ಚಳಿಗಾಲವೆಲ್ಲ ಜೋಳದ ರೊಟ್ಟಿ ಬೆಣ್ಣೆ ತಿಂದು ದುಂಡಗಾಗುತ್ತಿದ್ದರು, ಶಿವರಾತ್ರಿ ಮುಗಿದು ಉಸುಕು ಕಾಯತೊಡಗಿದ ಕೂಡಲೇ ಮಾಯವಾಗುತ್ತಿದ್ದರು. ಮೊದಲನೆಯ ಐಗಳು ಅತ್ತೆಗೆ ಮೈಯಲ್ಲಿ ಆರಾಮಿಲ್ಲ ಅಂತ ಹೋದರಂತೆ. ಅವರಿಗೆ ಮದುವೆಯೇ ಆಗಿಲ್ಲ ಅನ್ನುವುದು ಊರಿಗೆ ಆರು ತಿಂಗಳಾದ ಮೇಲೆ ನೆನಪಾಯಿತು. ಎರಡನೆಯವರು ಪುಸ್ತಕ ತರುತ್ತೇನೆ ಅಂತ ಹೋದರು. ಮೂರನೆಯವರು ಏನೂ ಹೇಳಲಿಲ್ಲ, ಚೊಂಬು ಹಿಡಿದು ಬಯಲಿಗೆ ಹೋದರು. ಚೊಂಬು ಸಿಕ್ಕಿತು.

ಆಮೇಲೆ ಹನಮಗೌಡ ಒಂದು ಪದ್ಧತಿ ಹಚ್ಚಿದ. ಹೊಸ ಐಗಳು ಬಂದ ದಿನವೇ ಅವರ ಕಾಲು ತೊಳೆದು, ಕಂಬಳಿಯ ಮೇಲೆ ಕೂರಿಸಿ, ಅವರ ಮೆಟ್ಟನ್ನು, ಅಂದರೆ ಚಪ್ಪಲಿಯನ್ನು, ಎರಡೂ ಕೈಯಲ್ಲಿ ಎತ್ತಿಕೊಂಡು, ಅದಕ್ಕೆ ವಿಭೂತಿ ಹಚ್ಚಿ, ಗೌಡರ ಮನೆಯ ತೊಲೆಗೆ ತೂಗುಹಾಕುವುದು. ಗುರುಗಳ ಪಾದರಕ್ಷೆ ನಮ್ಮ ಮನೆಯಲ್ಲಿ ಪೂಜೆಗೊಳ್ಳಲಿ ಅನ್ನುವುದು. ಇಂಥ ಭಕ್ತಿ ಎಲ್ಲೂ ಕಂಡಿಲ್ಲ ಅಂತ ಐಗಳ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಶಿವರಾತ್ರಿ ಆದ ಮೇಲೆ ಮತ್ತೆ ನೀರು ಬರುತ್ತಿತ್ತು, ಬೇರೆ ಕಾರಣಕ್ಕೆ. ಯಾಕಂದರೆ ಆ ಉಸುಕು ಬೇಸಿಗೆಯಲ್ಲಿ ಎಂಥದ್ದು ಅಂದರೆ, ಜೋಳ ಚೆಲ್ಲಿದರೆ ಅರಳಾಗುತ್ತಿತ್ತಂತೆ. ಬರಿಗಾಲಲ್ಲಿ ಹಿರೇಕಣಿವೆಗೆ ನಡೆಯುವ ಮಾತೇ ಇಲ್ಲ. ರಾತ್ರಿ ಹೊರಡೋಣ ಅಂದರೆ ಗಾಳಿ ಸಂಜೆಗೇ ದಾರಿಯನ್ನು ಅಳಿಸಿ ಹಾಕಿರುತ್ತಿತ್ತು.

ಆದರೂ ನಾಲ್ಕನೆಯ ಐಗಳು ಮಕ್ಕಳು ಬರೆಯುವ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಓಡಿಹೋದರು. ಅಂದಿನಿಂದ ಹಲಗೆಗಳಿಗೂ ಬೀಗ ಬಿತ್ತು. ಉಸುಕಿನಹಟ್ಟಿಯ ಮಕ್ಕಳು ಉಸುಕಿನ ಮೇಲೆ ಬೆರಳಿನಲ್ಲೇ ಬರೆಯುವುದನ್ನು ಕಲಿತದ್ದು ಹೀಗಂತೆ.

ಇಂಥ ಊರಿಗೆ ಒಂದು ದಸರೆಯಲ್ಲಿ ಅಡಿವೆಯ್ಯ ಐಗಳು ಬಂದರು.

ಬಂದದ್ದು ಮಟಮಟ ಮಧ್ಯಾಹ್ನ. ಹೆಗಲಿಗೊಂದು ಜೋಳಿಗೆ, ಕೈಯಲ್ಲೊಂದು ಬೆತ್ತ, ಬಾಯಲ್ಲಿ ದೊಡ್ಡ ದನಿ. ಹನಮಗೌಡ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೆ ಬಂದ, ಬಗ್ಗಿ ನೋಡಿದ, ಹಾಗೇ ನಿಂತುಬಿಟ್ಟ. ಐಗಳ ಕಾಲಲ್ಲಿ ಮೆಟ್ಟೇ ಇರಲಿಲ್ಲ. ಹುಟ್ಟಿದಾಗಿನಿಂದ ಅವರು ಮೆಟ್ಟು ಹಾಕಿದವರೇ ಅಲ್ಲವಂತೆ. ಅವರ ಅಂಗಾಲು ಕೋಣದ ಗೊರಸಿನಂತಿತ್ತಂತೆ. ಜಾಲಿಮುಳ್ಳು ತುಳಿದರೆ ಮುಳ್ಳೇ ಮುರಿಯುತ್ತಿತ್ತಂತೆ. ಒಮ್ಮೆ ಒಂದು ಚೇಳು ಅವರ ಅಂಗಾಲಿಗೆ ಕುಟುಕಿ, ಕೊಂಡಿ ಡೊಂಕಾಗಿ, ನಾಚಿಕೊಂಡು ಹೋಯಿತಂತೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಚೇಳನ್ನು ಕಂಡವರು ಈಗ ಯಾರೂ ಉಳಿದಿಲ್ಲ.

ಊರಿಗೆ ಒಂದು ಚಿಂತೆಯಾದರೆ ಐಗಳಿಗೆ ಇನ್ನೊಂದು. ಅದನ್ನು ಅವರು ಜೋಳಿಗೆಗಿಂತ ಜೋಪಾನವಾಗಿ ಹೊತ್ತು ತಿರುಗುತ್ತಿದ್ದರು. ಏನಂದರೆ, ಅವರಿಗೆ ಮಗ್ಗಿ ಬರುತ್ತಿದ್ದದ್ದು ಹದಿಮೂರರ ತನಕ ಮಾತ್ರ. ಅವರು ಚಿಕ್ಕವರಿದ್ದಾಗ ಅವರ ಐಗಳು ಹದಿಮೂರು ಕಲಿಸಿ ಓಡಿಹೋಗಿದ್ದರು. ಅಡಿವೆಯ್ಯ ಐಗಳು ಹನ್ನೊಂದು ಊರಲ್ಲಿ ಕಲಿಸಿದ್ದರು. ಹನ್ನೊಂದು ಊರಲ್ಲೂ ಹದಿಮೂರರ ಮಗ್ಗಿ ಮುಗಿದ ಮರುದಿನ ಮುಂಜಾನೆ ಅವರ ಕಾಲಿಗೆ ತುರಿಕೆ ಹುಟ್ಟುತ್ತಿತ್ತು. ಹದಿನಾಲ್ಕರದ್ದು ನನಗೆ ಬರುವುದಿಲ್ಲ ಅನ್ನುವ ಒಂದು ಮಾತು ಆಡುವುದಕ್ಕಿಂತ ಹತ್ತು ಹರದಾರಿ ನಡೆಯುವುದು ಸುಲಭ ಅಂತ ಆ ಕಾಲುಗಳಿಗೆ ರೂಢಿಯಾಗಿತ್ತು. ಜನ ಮಾತ್ರ, ಐಗಳ ಕಾಲಲ್ಲಿ ಚಕ್ರ ಇದೆ, ಮಹಾಸ್ವಾಮಿಗಳ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ ಅನ್ನುತ್ತಿದ್ದರಂತೆ.

ಅಂದು ಸಂಜೆ ಬೇವಿನ ಕಟ್ಟೆಯ ಮೇಲೆ ಊರವರು ಸೇರಿದರು. ಕಸಿದುಕೊಳ್ಳಲು ಏನೂ ಇಲ್ಲದ ಮನುಷ್ಯನನ್ನು ಹಿಡಿದಿಡುವುದು ಹೇಗೆ? ಒಬ್ಬ ಬೆತ್ತ ಬಚ್ಚಿಡೋಣ ಅಂದ. ಇನ್ನೊಬ್ಬ ಮದುವೆ ಮಾಡಿಸೋಣ ಅಂದ. ಮದುವೆಯಾದವರು ಇನ್ನೂ ಬೇಗ ಓಡುತ್ತಾರೆ ಅಂತ ಮೂರನೆಯವನು ಅಂದ. ಕೊನೆಗೆ ಗೌಡನ ತಾಯಿ ದ್ಯಾಮವ್ವ, ಅಳಿಗುಳಿಮಣೆಯ ಗುಳಿಗಳಲ್ಲಿ ಹುಣಸೆಬೀಜ ಹಾಕುತ್ತ ತನ್ನಷ್ಟಕ್ಕೆ ಆಡುತ್ತಿದ್ದ ಮುದುಕಿ, ತಲೆ ಎತ್ತದೆ ಒಂದು ಮಾತು ಹೇಳಿದಳು.

"ಇಲ್ಲಂದ್ರ ಮಾಡಿಸಿ ಕೊಡ್ರಿ. ಕೊಟ್ಟ ಮ್ಯಾಲ ಕಸಗೊಳ್ಳಾಕ ಬರ್ತದ."

ದಸರೆಯಲ್ಲಿ ಮೆಟ್ಟು ಹಾಕಿಸಬೇಕು, ಶಿವರಾತ್ರಿಯ ತನಕ ಹಾಕಿಸಬೇಕು, ಅಷ್ಟರಲ್ಲಿ ಗೊರಸಿನಂಥ ಅಂಗಾಲು ಬೆಣ್ಣೆಯಾಗುತ್ತದೆ, ಆಮೇಲೆ ತೊಲೆಗೆ ತೂಗುಹಾಕಬೇಕು. ಇದು ಮುದುಕಿಯ ಲೆಕ್ಕ. ಊರೆಲ್ಲ ಭೇಷ್ ಅಂದಿತಂತೆ.

ಮೆಟ್ಟು ಹೊಲಿಯುವ ಮರೆಪ್ಪನಿಗೆ ಹೇಳಿ ಕಳಿಸಿದರು. ಮರೆಪ್ಪ ಕೈಗುಣದವನು. ಅವನು ಹೊಲಿದ ಮೆಟ್ಟು ಮಗನಿಗೂ ಬರುತ್ತಿತ್ತು, ಮೊಮ್ಮಗನಿಗೂ ಬರುತ್ತಿತ್ತು ಅಂತಾರೆ. ಆದರೆ ಕಾಲಿನ ಅಳತೆ ಕೇಳಿದರೆ ಐಗಳಿಗೆ ಅನುಮಾನ ಬರುತ್ತದಲ್ಲ? ಹಾಗಾಗಿ ಮರೆಪ್ಪ ಮೂರು ದಿನ ಐಗಳ ಹಿಂದೆ ಹಿಂದೆ ನಡೆದು, ಗಾಳಿ ಅಳಿಸುವುದರೊಳಗೆ ಉಸುಕಿನ ಮೇಲಿನ ಹೆಜ್ಜೆಗೆ ಕಡ್ಡಿ ಇಟ್ಟು ಅಳೆದುಕೊಂಡ. ಐಗಳು ಒಮ್ಮೆ ತಿರುಗಿ ನೋಡಿ, ಪಾದಧೂಳಿ ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡು ಕೈಯೆತ್ತಿ ಹರಸಿದರಂತೆ. ಮೃದು ಉಸುಕಿನಲ್ಲಿ ಹೆಜ್ಜೆ ಅಗಲವಾಗಿ ಮೂಡುತ್ತದೆ ಅನ್ನುವುದು ಮರೆಪ್ಪನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮೆಟ್ಟು ಒಂದು ಬೆರಳು ದೊಡ್ಡದಾಯಿತು.

ಐಗಳಿಗೆ ಮೆಟ್ಟು ಕೊಟ್ಟಾಗ ಅವರು ಬೇಡ ಬೇಡ ಅಂದರು, ಒಂದು ಸಲ ಹಾಕಿ ನೋಡಿದರು, ಆಮೇಲೆ ನಿದ್ದೆಯಲ್ಲೂ ಬಿಚ್ಚಲಿಲ್ಲ. ಅವರು ನಡೆದರೆ ಫಟಾರ್ ಫಟಾರ್ ಅಂತ ಸದ್ದು. ಐಗಳು ಎಲ್ಲಿದ್ದಾರೆ ಅನ್ನುವುದು ಊರಿಗೆಲ್ಲ ಕೂತಲ್ಲೇ ತಿಳಿಯುತ್ತಿತ್ತು. ಆ ಸದ್ದಿಗೇ ಅವರು ಮಗ್ಗಿ ಹೊಂದಿಸಿದರು. ಎರಡೊಂದ್ಲೆ ಎರಡು, ಫಟಾರ್. ಎರಡೆರಡ್ಲೆ ನಾಲ್ಕು, ಫಟಾರ್. ಮಕ್ಕಳು ಅವರ ಹಿಂದೆ ಸಾಲಾಗಿ ಊರು ಸುತ್ತುತ್ತ ಕೂಗುತ್ತಿದ್ದರು. ಅವರ ದನಿ ಹಿರೇಕಣಿವೆಗೂ ಕೇಳಿ, ಅಲ್ಲಿಯ ಮಕ್ಕಳು ಮನೆಯಲ್ಲಿ ಮಲಗಿದ್ದೇ ಐದರ ಮಗ್ಗಿ ಕಲಿತರಂತೆ.

ಆ ಸಾಲಿನ ಕೊನೆಗೆ ಒಬ್ಬ ಮೀಸೆಯವನು ನಡೆಯುತ್ತಿದ್ದ. ಅವನೇ ಕುರಿಗಾರ ಮಾಳಪ್ಪ, ನಾಲ್ಕು ಮಕ್ಕಳ ತಂದೆ. ಓಡಿಹೋದ ಎಲ್ಲ ಐಗಳ ಹತ್ತಿರವೂ ಅವನು ಕಲಿತಿದ್ದ, ಎಲ್ಲರೂ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಅವನಿಗೆ ಹದಿನಾಲ್ಕು ಕುರಿದೊಡ್ಡಿ, ದೊಡ್ಡಿಗೆ ಎಂಟು ಕುರಿ. ಒಟ್ಟು ಎಷ್ಟು ಅನ್ನುವುದು ಗೊತ್ತಿಲ್ಲ. ದಿನಾ ಸಂಜೆ ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕೂಗಿ, ಅದು ಬ್ಯಾ ಅಂದ ಮೇಲೆಯೇ ಮುಂದಿನದನ್ನು ಕೂಗುತ್ತಿದ್ದ. ಅದರಲ್ಲೇ ಅವನ ಊಟದ ಹೊತ್ತು ಮೀರುತ್ತಿತ್ತು. ಹಾಗಾಗಿ ಅವನಿಗೆ ಬೇಕಾದದ್ದು ಹದಿನಾಲ್ಕರ ಮಗ್ಗಿ ಒಂದೇ. ದಿನಾ ಕೇಳುತ್ತಿದ್ದ, ಐಗಳೆ, ಹದಿನಾಲ್ಕರದು ಯಾವಾಗ?

ಸಂಕ್ರಾಂತಿಗೆ ಹನ್ನೆರಡು ಮುಗಿಯಿತು. ಶಿವರಾತ್ರಿ ಹತ್ತಿರ ಬಂದಾಗ ಹದಿಮೂರು ಮುಗಿಯಿತು. ಐಗಳು ಎಂಟು ದಿನ ಹಿಂದಿನದನ್ನೇ ಹೇಳಿಸಿದರು. ಆಮೇಲೆ ಹದಿನಾಲ್ಕನ್ನು ಮೋಡವಿಲ್ಲದ ದಿನ ಶುರುಮಾಡಬಾರದು ಅಂದರು. ಉಸುಕಿನಹಟ್ಟಿಯಲ್ಲಿ ಮೋಡ ಬಂದು ಎಷ್ಟೋ ಕಾಲವಾಗಿತ್ತು. ಮಾಳಪ್ಪ ಆಕಾಶ ನೋಡುತ್ತ ಕೂತ.

ಶಿವರಾತ್ರಿಯ ಮರುದಿನ ಬೆಳಗಿನ ಜಾವ ಐಗಳ ಕಾಲಿಗೆ ತುರಿಕೆ ಬಂತು. ಎದ್ದು ನೋಡಿದರೆ ಮೆಟ್ಟು ಇಲ್ಲ. ಹಿಂದಿನ ದಿನ ಶಿವಪೂಜೆಗೆಂದು ಬಿಚ್ಚಿದ್ದನ್ನು ಗೌಡ ತೊಲೆಗೇರಿಸಿದ್ದ. ಆಗ ಐಗಳಿಗೆ ಊರಿನ ಹುನ್ನಾರ ತಿಳಿಯಿತು, ನಗು ಬಂತು. ಬರಿಗಾಲಲ್ಲಿ ಬಂದವನಿಗೆ ಬರಿಗಾಲಲ್ಲಿ ಹೋಗಲು ಏನು ಧಾಡಿ ಅಂತ ಜೋಳಿಗೆ ಹೆಗಲಿಗೇರಿಸಿ ಹೊರಟರು.

ಊರ ಅಂಚಿಗೆ ಹೋಗುವುದರೊಳಗೆ ಮೊದಲನೆಯ ನೆಗ್ಗಿಲಮುಳ್ಳು ಚುಚ್ಚಿತು. ಐಗಳು ಬೆರಗಾಗಿ ಕಾಲೆತ್ತಿ ನೋಡಿದರು. ಅಲ್ಲಿ ಗೊರಸಿರಲಿಲ್ಲ, ಹಸುಗೂಸಿನ ಕೆನ್ನೆಯಂಥದ್ದೇನೋ ಇತ್ತು. ಕುಂಟುತ್ತ ಒಂದು ದಿಬ್ಬ ಹತ್ತಿದರು, ಇನ್ನೊಂದು ಇಳಿದರು. ಹೊತ್ತು ಮಾರುದ್ದ ಏರಿತು. ಉಸುಕು ಕಾದಿತು. ಐಗಳು ಮೊದಲು ಬೇಗ ನಡೆದರು, ಆಮೇಲೆ ಓಡಿದರು, ಆಮೇಲೆ ಕುಣಿದರು. ಕೊನೆಗೆ ಒಂದು ಮೋಟು ಜಾಲಿಗಿಡದ ಅಂಗೈಯಗಲದ ನೆರಳಿನಲ್ಲಿ ಒಂದೇ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತರು. ಈ ಕಾಲು ಸುಟ್ಟಾಗ ಆ ಕಾಲು, ಆ ಕಾಲು ಸುಟ್ಟಾಗ ಈ ಕಾಲು.

ಹಾಗೆ ನಿಂತಿದ್ದಾಗ ಕುರಿ ಹೊಡೆದುಕೊಂಡು ಮಾಳಪ್ಪ ಬಂದ. ಐಗಳನ್ನು ನೋಡಿದ, ಜೋಳಿಗೆ ನೋಡಿದ, ಹಿರೇಕಣಿವೆಯ ದಿಕ್ಕು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಮಾಳಪ್ಪ ಹತ್ತಿರ ಬಂದು ಮೆಲ್ಲಗೆ ಕೇಳಿದನಂತೆ.

"ಐಗಳೆ, ಹದಿನಾಲ್ಕರದು ಇಲ್ಲೇ ಹೇಳಿಕೊಡ್ತೀರೇನ್ರಿ? ಮೋಡ ಬರೂಹಂಗ ಕಾಣೂದಿಲ್ಲ."

ಐಗಳು ಕಾಲು ಬದಲಿಸಿದರು. ಮಾಳಪ್ಪ ಅವರನ್ನು ಕುಂಟ ಕುರಿಮರಿಯ ಹಾಗೆ ಹೆಗಲ ಮೇಲೆ ಹಾಕಿಕೊಂಡು ಊರಿಗೆ ತಂದು ದ್ಯಾಮವ್ವನ ಮುಂದೆ ಇಳಿಸಿದ. ದಾರಿಯುದ್ದಕ್ಕೂ ಹದಿಮೂರರ ಮಗ್ಗಿ ಹೇಳುತ್ತ ಬಂದ, ಮುಂದಿನದಕ್ಕೆ ನಾನು ತಯಾರಿದ್ದೇನೆ ಅನ್ನುವ ಹಾಗೆ.

ದ್ಯಾಮವ್ವ ಐಗಳ ಅಂಗಾಲಿಗೆ ಬೆಣ್ಣೆ ಸವರಿ ಬಟ್ಟೆ ಸುತ್ತಿದಳು. ಯಾಕೆ ಹೋದಿರಿ ಅಂತ ಕೇಳಲಿಲ್ಲ. ಕೇಳಿದ್ದರೆ ಅವರು ಏನಾದರೂ ಸುಳ್ಳು ಹೇಳುತ್ತಿದ್ದರು. ಕೇಳದೆ ಇದ್ದದ್ದಕ್ಕೆ ನಿಜ ಬಾಯಿಗೆ ಬಂತು.

"ಹದಿನಾಲ್ಕರದು ನನಗ ಬರೂದಿಲ್ಲವ್ವ. ಹನ್ನೊಂದು ಊರು ಬಿಟ್ಟು ಬಂದೀನಿ, ಅದೊಂದಕ್ಕ."

ಮುದುಕಿ ಬಟ್ಟೆಯ ಗಂಟು ಬಿಗಿದಳು.

"ನನಗ ಎರಡರದೂ ಬರೂದಿಲ್ಲ. ಅದಕ್ಕ ನಾ ಊರು ಬಿಟ್ಟು ಓಡಿ ಹೋಗೀನೇನು?"

ಇಷ್ಟು ಹೇಳಿ ಅಳಿಗುಳಿಮಣೆ ಎಳೆದುಕೊಂಡು ಆಟಕ್ಕೆ ಕೂತಳು. ಕಾಲು ಕಟ್ಟಿಸಿಕೊಂಡ ಐಗಳಿಗೆ ನೋಡಲು ಬೇರೆ ಏನೂ ಇರಲಿಲ್ಲ. ಈ ಕಡೆ ಏಳು ಗುಳಿ, ಆ ಕಡೆ ಏಳು ಗುಳಿ. ಮುದುಕಿ ಒಂದೊಂದು ಗುಳಿಗೆ ಒಂದೊಂದು ಹುಣಸೆಬೀಜ ಹಾಕುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಐಗಳು ಅರೆಗಣ್ಣಲ್ಲಿ ನೋಡುತ್ತಿದ್ದವರು ಸರಕ್ಕನೆ ಎದ್ದು ಕೂತರು. ಗುಳಿ ಹದಿನಾಲ್ಕು. ಒಂದು ಸುತ್ತಿಗೆ ಹದಿನಾಲ್ಕು ಬೀಜ. ಎರಡು ಸುತ್ತಿಗೆ ಎಷ್ಟು ಅಂತ ಎಣಿಸಿದರು, ಇಪ್ಪತ್ತೆಂಟು. ಮುದುಕಿಯ ಕೈಯಿಂದ ಬೀಜ ಕಸಿದುಕೊಂಡು ಮೂರನೆಯ ಸುತ್ತು ತಾವೇ ಹಾಕಿದರು, ನಲವತ್ತೆರಡು. ನಲವತ್ತು ವರ್ಷ ತಮ್ಮನ್ನು ಊರೂರು ಅಟ್ಟಾಡಿಸಿದ ಹದಿನಾಲ್ಕರ ಮಗ್ಗಿ ಒಂದು ಮುದುಕಿಯ ಆಟದ ಮಣೆಯೊಳಗೆ ಮಲಗಿತ್ತು. ನನ್ನ ಆಟ ಕೆಡಿಸಿದಿರಿ ಅಂತ ದ್ಯಾಮವ್ವ ಬೈದಳಂತೆ.

ಐಗಳ ಗುಟ್ಟನ್ನು ಆಕೆ ಯಾರಿಗೂ ಹೇಳಲಿಲ್ಲ ಅಂತಾರೆ. ಅಂದರೆ ಊರಿನ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಯಾರಿಗೂ ಹೇಳಬೇಡಿ ಅಂತ ಹೇಳಿದಳು. ಹಾಗಾಗಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಐಗಳು ಮಾತ್ರ ಊರಿಗೆ ಗೊತ್ತಿಲ್ಲ ಅಂದುಕೊಂಡು ಗತ್ತಿನಿಂದಲೇ ಇದ್ದರು.

ಮರುದಿನ ಶಾಲೆಯ ಮುಂದೆ ಉಸುಕಿನಲ್ಲಿ ಹದಿನಾಲ್ಕು ಗುಳಿ ತೋಡಿಸಿದರು. ಹತ್ತು ಸುತ್ತು ಬೀಜ ಹಾಕಿಸಿದರು. ಒಂದೊಂದು ಸುತ್ತಿಗೂ ಬಂದ ಸಂಖ್ಯೆಯನ್ನು ಹೊಸ ನೆಂಟರು ಬಂದ ಹಾಗೆ ಮಕ್ಕಳು ಕೂಗಿ ಊರಿಗೆ ತಿಳಿಸಿದರು. ಹದಿನಾಲ್ಕೆಂಟ್ಲೆ ನೂರಾ ಹನ್ನೆರಡು ಅಂತ ಬಂದಾಗ ಮಾಳಪ್ಪ ಗುಳಿಯ ಹತ್ತಿರವೇ ಕೂತುಬಿಟ್ಟ. ನೂರಾ ಹನ್ನೆರಡು ಕುರಿ ತನ್ನವು. ತಾನು ಇಷ್ಟು ಸಿರಿವಂತ ಅನ್ನುವುದು ತಿಳಿದು ಅವನು ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ.

ಹದಿನೈದಕ್ಕೆ ಇನ್ನೊಂದು ಗುಳಿ, ಹದಿನಾರಕ್ಕೆ ಮತ್ತೊಂದು. ಗಾಳಿ ದಿನಾ ಮುಚ್ಚುತ್ತಿತ್ತು, ಮಕ್ಕಳು ದಿನಾ ತೋಡುತ್ತಿದ್ದರು. ಊರಿನ ಹುಣಸೆಬೀಜವೆಲ್ಲ ಮುಗಿಯಿತು. ಆಮೇಲಿನದಕ್ಕೆ ಕುರಿಯ ಹಿಕ್ಕೆ ಬಂತು, ಮಾಳಪ್ಪನ ಕಡೆಯಿಂದ ಧರ್ಮಾರ್ಥ. ಹೀಗೆ ದಸರೆಗೆ ಸರಿಯಾಗಿ ಇಪ್ಪತ್ತು ಮುಗಿಯಿತು.

ದಸರೆಯ ದಿನ ದೇಸಾಯರು ಕುದುರೆ ಏರಿ ಬಂದರು, ಜೊತೆಗೆ ಅವರ ಲೆಕ್ಕಪತ್ರ ಬರೆಯುವ ಕಾರಕೂನ. ಆ ಕಾರಕೂನ ಹಿರೇಕಣಿವೆಯವನು, ತನ್ನೂರಿನ ಸಂತೆ ಒಡೆಯುವುದು ಅವನಿಗೆ ಬೇಡವಾಗಿತ್ತು. ಹದಿನೇಳು ಕೇಳಿದ, ಮಕ್ಕಳು ಹೇಳಿದರು. ಹತ್ತೊಂಬತ್ತನ್ನು ಹಿಂದಿನಿಂದ ಮುಂದಕ್ಕೆ ಕೇಳಿದ, ಹೇಳಿದರು. ಇಪ್ಪತ್ತು ಕೇಳಿದ, ಮಾಳಪ್ಪ ಒಬ್ಬನೇ ಮೀಸೆ ತಿರುವುತ್ತ ಹೇಳಿದ. ಆಗ ಕಾರಕೂನ ನಕ್ಕು, ಇವೆಲ್ಲ ಬಾಯಿಪಾಠ, ಐಗಳೇ ಇಪ್ಪತ್ತೊಂದರದನ್ನು ಹೇಳಲಿ ಅಂದ.

ಐಗಳ ಅಂಗಾಲಿಗೆ ತುರಿಕೆ ಬಂತು. ಹಳೆಯ ತುರಿಕೆ, ಹನ್ನೊಂದು ಊರಿನದು. ಹೆಬ್ಬೆರಳು ತಾನಾಗಿ ಹಿರೇಕಣಿವೆಯ ದಿಕ್ಕಿಗೆ ತಿರುಗಿತು ಅಂತಾರೆ. ಎದುರಿಗೆ ಮಕ್ಕಳಿದ್ದರು, ದೇಸಾಯರಿದ್ದರು, ಬಾಗಿಲಲ್ಲಿ ಮಣೆ ಹಿಡಿದ ಮುದುಕಿ ಇದ್ದಳು. ಐಗಳು ಬೆತ್ತ ಕೆಳಗಿಟ್ಟರು.

"ನನಗ ಬರೂದಿಲ್ರಿ. ಒಂದು ಗಳಿಗಿ ತಾಳ್ರಿ, ಕಂಡುಹಿಡಿದು ಹೇಳ್ತೀವಿ."

ಅವರ ಬಾಯಿಂದ ಮಾತು ಮುಗಿಯುವುದರೊಳಗೆ ಮಕ್ಕಳು ಓಡಿ ಗುಳಿ ತೋಡತೊಡಗಿದ್ದರು. ಇಪ್ಪತ್ತೊಂದು ಗುಳಿ. ಸುತ್ತು ಸುತ್ತಾಗಿ ಬೀಜ ಬಿದ್ದವು, ನಲವತ್ತೆರಡು, ಅರವತ್ತಮೂರು, ಎಂಬತ್ತನಾಲ್ಕು. ದೇಸಾಯರು ಮೊದಲು ಕುದುರೆಯ ಮೇಲಿಂದ ಬಗ್ಗಿ ನೋಡಿದರು, ಆಮೇಲೆ ಇಳಿದು ನೋಡಿದರು, ಆಮೇಲೆ ಜರಿಪಂಚೆ ಮೇಲೆತ್ತಿ ಉಸುಕಿನಲ್ಲಿ ಕೂತು ತಾವೂ ಎರಡು ಸುತ್ತು ಹಾಕಿದರು. ಅವರ ಪಾಲಿಗೆ ಬಂದದ್ದು ಹುಣಸೆಬೀಜವಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ. ಇನ್ನೂರಾ ಹತ್ತಕ್ಕೆ ಮುಗಿದಾಗ ದೇಸಾಯರು ಕಾರಕೂನನ ಕಡೆ ತಿರುಗಿ, ಇದು ಸರಿಯೋ ಅಂತ ಕೇಳಿದರಂತೆ. ಕಾರಕೂನ ತಲೆ ಕೆರೆದುಕೊಂಡ. ಅವನಿಗೂ ಬರುತ್ತಿರಲಿಲ್ಲ. ಬರುವುದಿಲ್ಲ ಅನ್ನಲು ಅವನಿಗೆ ಬಾಯಿಯೂ ಬರಲಿಲ್ಲ.

ಅಂದೇ ಸಂತೆಯ ಕಲ್ಲು ನೆಟ್ಟರು.

ವರ್ಷ ತುಂಬಿತ್ತು, ಮಾತು ಮುಗಿದಿತ್ತು. ಹನಮಗೌಡ ತೊಲೆಯಿಂದ ಮೆಟ್ಟು ಇಳಿಸಿ, ಧೂಳು ಒರೆಸಿ, ಐಗಳ ಮುಂದಿಟ್ಟು, ಇನ್ನು ತಾವು ಎಲ್ಲಿಗಾದರೂ ಹೋಗಬಹುದು, ನಾವು ಮಾಡಿದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ ಅಂತ ಅಡ್ಡಬಿದ್ದ. ಐಗಳು ಮೆಟ್ಟಿದರು. ಜೋಳಿಗೆ ಹೆಗಲಿಗೇರಿಸಿದರು. ಫಟಾರ್ ಫಟಾರ್ ಅಂತ ಊರ ಅಂಚಿನ ದಿಬ್ಬದ ತನಕ ನಡೆದರು. ದಿಬ್ಬ ಹತ್ತಿದರು. ಆಚೆ ಇಳಿದರು. ಸದ್ದು ನಿಂತಿತು.

ಆಮೇಲೆ ಮತ್ತೆ ಫಟಾರ್ ಅಂತ ಕೇಳಿತು. ಐಗಳು ತಿರುಗಿ ಬರುತ್ತಿದ್ದರು, ಮುಖ ಸಿಂಡರಿಸಿಕೊಂಡು.

"ಎಲ್ಲಿ ಅದಾನವ ಮರೆಪ್ಪ? ಒಂದು ಬೆರಳು ದೊಡ್ಡದು ಮಾಡ್ಯಾನ. ಇದನ್ನ ಹಾಕ್ಕೊಂಡು ದೂರ ನಡಿಯಾಕ ಆಗತೈತೇನು?"

ಮರೆಪ್ಪ ಅದನ್ನು ಸರಿಮಾಡಿಕೊಡುತ್ತೇನೆ ಅಂದ. ಇವತ್ತು ಅಂದ, ನಾಳೆ ಅಂದ. ಐಗಳೂ ಅವಸರ ಮಾಡಲಿಲ್ಲ. ಅಷ್ಟರಲ್ಲಿ ಮಾಳಪ್ಪ ಇಪ್ಪತ್ತೆರಡರದು ಯಾವಾಗ ಅಂತ ಕೇಳತೊಡಗಿದ್ದ, ಅವನ ಕುರಿ ಮರಿಹಾಕಿದ್ದವು. ಹೀಗೆ ಐಗಳು ಸಾಯುವ ತನಕ ಅಲ್ಲೇ ಉಳಿದರು. ಅವರ ಮಗ್ಗಿ ನೂರರ ತನಕ ಹೋಯಿತು ಅಂತ ಕೆಲವರು, ಇನ್ನೂರು ದಾಟಿತು ಅಂತ ಕೆಲವರು. ಗಾಳಿ ನಿಂತ ಬೆಳಿಗ್ಗೆ ದಿಬ್ಬದ ಮೇಲೆ ಸಾಲುಸಾಲು ಸಣ್ಣ ಗುಳಿ ಕಾಣುತ್ತವೆ. ಐಗಳು ಇನ್ನೂ ಎಣಿಸುತ್ತಿದ್ದಾರೆ ಅಂತಾರೆ. ಅದು ಹುಳ ಮಾಡಿದ ಗುಳಿ ಅಂದವರಿಗೆ ಆ ಊರಲ್ಲಿ ಕುಡಿಯಲು ನೀರು ಕೊಡುವುದಿಲ್ಲ.

ಇವತ್ತಿಗೂ ಉಸುಕಿನಹಟ್ಟಿಯ ಸಂತೆಯಲ್ಲಿ ಮೊದಲು ಬಿಚ್ಚುವುದು ಮೆಟ್ಟಿನ ಗಂಟು. ಐಗಳ ಗದ್ದುಗೆಗೆ ಹೂವಿಡುವುದಿಲ್ಲ, ಮೆಟ್ಟು ಇಡುತ್ತಾರೆ, ಒಂದು ಬೆರಳು ದೊಡ್ಡದು. ಹೊಸ ಮಾಸ್ತರರು ಬಂದರೆ ಅವರಿಗೂ ಅಂಥದ್ದೇ ಒಂದು ಜೊತೆ. ಈಗಿನವರು ಮೋಟಾರು ಸೈಕಲ್ಲಿನ ಮೇಲೆ ಬರುತ್ತಾರೆ, ಅದರ ಕೀಲಿಯನ್ನು ಪೂಜೆಗೆ ಕೇಳುವಷ್ಟು ಧೈರ್ಯ ಊರಿಗೆ ಇನ್ನೂ ಬಂದಿಲ್ಲ. ಆದರೆ ಶಾಲೆಯಲ್ಲಿ ಹದಿಮೂರರ ಮಗ್ಗಿ ಮುಗಿದ ಕೂಡಲೇ ಮಕ್ಕಳೆಲ್ಲ ಬಗ್ಗಿ ಮಾಸ್ತರರ ಕಾಲು ನೋಡುತ್ತಾರೆ. ಕಾಲು ಅಲ್ಲೇ ಇದ್ದರೆ ಮುಂದಿನದನ್ನು ಶುರುಮಾಡುತ್ತಾರೆ.